ಒಮ್ಮೆ ತುಂಬಿಸಿದ ನೀರಿನಲ್ಲೇ ಒಂದು ಬೇಸಿಗೆ

ಮೈಸೂರಿನ ಅಂಚಿನ ಬಡಾವಣೆಯೊಂದರ ಈಜುಕೊಳವನ್ನು ನಾನು ಗುತ್ತಿಗೆಗೆ ಹಿಡಿದಿದ್ದೇನೆ. ಈ ಸಲ ಫೆಬ್ರುವರಿ ಕೊನೆಯಲ್ಲಿ ತುಂಬಿಸಿದ ನೀರನ್ನು ಮೇ ತಿಂಗಳ ಶಿಬಿರ ಮುಗಿಯುವವರೆಗೂ ಖಾಲಿ ಮಾಡಲಿಲ್ಲ ಎಂದರೆ ನಮ್ಮ ಕಸುಬಿನವರೇ ಇನ್ನೂ ನಂಬುತ್ತಿಲ್ಲ. ಕೊಳ 25 ಮೀಟರ್ ಉದ್ದ, 12.5 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳವಿದ್ದು, ಸುಮಾರು 4.7 ಲಕ್ಷ ಲೀಟರ್ ಹಿಡಿಯುತ್ತದೆ. ಹಿಂದೊಂದು ವರ್ಷ ನೀರು ಹಸಿರಾದಾಗಲೆಲ್ಲ ಖಾಲಿ ಮಾಡಿ ಮೂರು ಸಲ ತುಂಬಿಸಿದ್ದೆ. 6,000 ಲೀಟರಿನ ಟ್ಯಾಂಕರಿಗೆ ಆಗ ಏಳುನೂರು ರೂಪಾಯಿ ಇದ್ದ ನೆನಪು. ನೀರಿಗೇ ಒಂದೂವರೆ ಲಕ್ಷ ದಾಟಿತು, ಬರಿದಾದ ಕೊಳ ಬಿಸಿಲಿಗೆ ಕಾದು ಟೈಲ್ಸ್ ಎದ್ದದ್ದು ಬೇರೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಈಜುಕೊಳಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಾಗ, ಇಂಥದ್ದು ನಾಳೆ ನಮ್ಮೂರಿಗೂ ಬಂದೀತೆಂದು ಬೇರೆ ದಾರಿ ಹುಡುಕಲಾರಂಭಿಸಿದೆ.

ಮೊದಲು ಕೈಕೊಟ್ಟದ್ದು ಕ್ಲೋರಿನ್ ಮಾತ್ರೆ. ಹಾಕುವುದು ಸುಲಭವೆಂದು ದಿನಕ್ಕೆ ಒಂದು ಕೆ.ಜಿ.ಯಂತೆ ಮೂರು ತಿಂಗಳು ಹಾಕಿದೆ. ನೀರು ಪರೀಕ್ಷಿಸುವ ಕಿಟ್ಟಿನಲ್ಲಿ ಕ್ಲೋರಿನ್ 2, 3 ಪಿಪಿಎಂ (ಹತ್ತು ಲಕ್ಷ ಪಾಲು ನೀರಿಗೆ ಎರಡು ಮೂರು ಪಾಲು), ಅಂದರೆ ಸಾಕಷ್ಟಿದೆ ಎಂದೇ ತೋರಿಸುತ್ತಿತ್ತು, ಗೋಡೆಯ ಮೇಲೆ ಮಾತ್ರ ಪಾಚಿ. ಮಾತ್ರೆಯಿಂದ ನೀರಿಗೆ 10 ಪಿಪಿಎಂ ಕ್ಲೋರಿನ್ ಸೇರಿದರೆ ಜೊತೆಗೆ 6 ಪಿಪಿಎಂನಷ್ಟು ಸಯನ್ಯೂರಿಕ್ ಆಮ್ಲವೂ (ಕ್ಲೋರಿನ್ ಬಿಸಿಲಿಗೆ ಹಾರದಂತೆ ಹಿಡಿದಿಡುವ ವಸ್ತು) ಸೇರುತ್ತದೆ, ಅದು ನೂರು ದಾಟಿದರೆ ಕ್ಲೋರಿನ್ ಇದ್ದೂ ಕೆಲಸಕ್ಕೆ ಬಾರದು, ನೀರು ಬದಲಿಸದೆ ಅದು ಹೋಗುವುದೂ ಇಲ್ಲ ಎಂಬುದು ದುಡ್ಡು ಕಳೆದುಕೊಂಡ ಮೇಲೆ ತಿಳಿಯಿತು.

ಆದ್ದರಿಂದ ಹಳೆಯ ಬ್ಲೀಚಿಂಗ್ ಪೌಡರಿಗೇ ಮರಳಿದೆ. ಅದನ್ನು ನೇರವಾಗಿ ಎರಚಿದರೆ ನಮ್ಮ ಕಡೆಯ ಬೋರ್‌ವೆಲ್ಲುಗಳ ಗಡಸು ನೀರು ಮಜ್ಜಿಗೆಯಾಗುತ್ತದೆ. ನಾನು ಐದಾರು ಕೆ.ಜಿ. ಪುಡಿಯನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಕಿ, ಮುಚ್ಚಿಟ್ಟು, ಸುಣ್ಣವೆಲ್ಲ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಪೈಪಿನಲ್ಲಿ ಇಳಿಸಿಕೊಂಡು, ಸೂರ್ಯ ಮುಳುಗಿದ ನಂತರ ಕೊಳಕ್ಕೆ ಬಿಡುತ್ತೇನೆ. ಹಗಲಲ್ಲಿ ಬಿಟ್ಟರೆ ಅರ್ಧ ಬಿಸಿಲಿನ ಪಾಲು. ಹಿಂದಿನ ವರ್ಷ ಉಳಿದ ಮೂಟೆಯನ್ನು ನಂಬಬೇಡಿ, ಅದರಲ್ಲಿ ವಾಸನೆಯೂ ಇರುವುದಿಲ್ಲ. ಇನ್ನೊಂದು ಮಾತು: ಮಾತ್ರೆಯ ಪುಡಿ ಅಂಟಿದ್ದ ಒದ್ದೆ ಮಗ್ಗಿನಿಂದ ನಮ್ಮ ಹುಡುಗನೊಬ್ಬ ಬ್ಲೀಚಿಂಗ್ ಪೌಡರ್ ತೆಗೆದ ಕೂಡಲೇ ಮಗ್ಗು ಬುಸುಗುಟ್ಟಿ ಹೊಗೆಯೆದ್ದಿತು. ಅಂದಿನಿಂದ ಎರಡಕ್ಕೂ ಬೇರೆ ಬೇರೆ ಕೋಣೆ.

ನೀರು ತಿಳಿಯಾಗಲು ಪಟಿಕವೇ ಗತಿ. ಮೊದಲ ಸಲ ಪಂಪು ನಿಲ್ಲಿಸದೆಯೇ ಹಾಕಿಬಿಟ್ಟೆ. ಗಸಿಯೆಲ್ಲ ಸ್ಯಾಂಡ್ ಫಿಲ್ಟರಿಗೆ ನುಗ್ಗಿ, ಮರಳು ಕೆಸರಿನ ಹೆಂಟೆಯಂತೆ ಕಟ್ಟಿಕೊಂಡು, ನೀರನ್ನು ಹಿಮ್ಮುಖವಾಗಿ ಹಾಯಿಸಿ ಎಷ್ಟು ತೊಳೆದರೂ (ಬ್ಯಾಕ್‌ವಾಶ್) ಫಿಲ್ಟರಿನ ಒತ್ತಡದ ಮಾಪಕದ ಮುಳ್ಳು ಇಳಿಯಲಿಲ್ಲ. ಮರಳು ಬದಲಿಸಲು ಹದಿನೆಂಟು ಸಾವಿರವೋ ಏನೋ ಆಯಿತು. ಬಡಾವಣೆ ಸಂಘದ ಖಜಾಂಚಿಯವರು, "ಸ್ವಾಮಿ, ನೀರು ಉಳಿಸೋಕೆ ಹೋಗಿ ಮರಳು ಕೊಂಡ್ರಲ್ಲ" ಎಂದರು. ಈಗ ವಾರಕ್ಕೊಮ್ಮೆ, ಭಾನುವಾರ ರಾತ್ರಿ, ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4ರ ಆಸುಪಾಸಿಗೆ ತಂದು, ಹತ್ತು ಕೆ.ಜಿ. ಪಟಿಕವನ್ನು ಕರಗಿಸಿ ಹರಡಿ ಪಂಪು ನಿಲ್ಲಿಸುತ್ತೇನೆ. ಬೆಳಿಗ್ಗೆ ಐದಕ್ಕೆ ತಳದಲ್ಲಿ ಬೂದಿ ಬಣ್ಣದ ಕಂಬಳಿ ಹಾಸಿದಂತಿರುತ್ತದೆ. ವ್ಯಾಕ್ಯೂಮ್ ಬ್ರಷ್ಷನ್ನು ಅವಸರದಿಂದ ಎಳೆದರೆ ಅದು ಹೊಗೆಯಂತೆ ಮೇಲೆದ್ದು ರಾತ್ರಿಯ ಕೆಲಸವೆಲ್ಲ ಹಾಳು. ಹೆಜ್ಜೆ ಹೆಜ್ಜೆಯಾಗಿ ಎಳೆದು, ಫಿಲ್ಟರಿಗೆ ಬಿಡದೆ ನೇರ ಹೊರಗೆ ಹಾಯಿಸಬೇಕು. ಪಟಿಕಕ್ಕೆ ಮುಂಚೆ ಇನ್ನೊಂದು ವಸ್ತುವನ್ನು ಒಂದು ಅಳತೆಯಲ್ಲಿ ಹಾಕುತ್ತೇನೆ. ಎರಡು ಬೇಸಿಗೆ ಸೋತು ಕಲಿತ ಅಳತೆಯಾದ್ದರಿಂದ ಅದು ನನ್ನಲ್ಲೇ ಇರಲಿ.

ನಡುವೆ ನುಗ್ಗೆಬೀಜದ ಹುಚ್ಚೂ ಹಿಡಿದಿತ್ತು. ಅರೆದ ಬೀಜ ಹಾಕಿದ ಬಕೆಟ್ಟಿನ ನೀರು ಒಂದೆರಡು ಗಂಟೆಯಲ್ಲಿ ತಿಳಿಯಾದುದನ್ನು ಕಂಡು ಕೊಳಕ್ಕೂ ಹಾಕಿದೆ. ಬೀಜದ ಸಾರ ನೀರಿನಲ್ಲೇ ಉಳಿದು ಕ್ಲೋರಿನ್ನನ್ನೆಲ್ಲ ನುಂಗಿತು. ಮೂರನೆಯ ದಿನ ನೀರು ಜಾರುತ್ತಿತ್ತು, ವಾಸನೆ ಬೇರೆ. ಅದಕ್ಕಿಂತ ಹೆಚ್ಚಿನ ಫಲ ಕೊಟ್ಟದ್ದು ತಲೆಯ ಎಣ್ಣೆಯ ಮೇಲಿನ ನಿರ್ಬಂಧ. ಶಿಬಿರದ ಮಕ್ಕಳಿಗೆ ಅಮ್ಮಂದಿರು ಕೊಬ್ಬರಿ ಎಣ್ಣೆ ಮೆತ್ತಿ ಕಳಿಸುತ್ತಿದ್ದುದರಿಂದ ನೀರಿನ ಮಟ್ಟದ ಟೈಲ್ಸಿನ ಮೇಲೆ ಜಿಡ್ಡಿನ ಪಟ್ಟಿ ಕೂರುತ್ತಿತ್ತು. ಟೋಪಿ ಹಾಕದವರನ್ನೂ ಷವರಿಗೆ ನಿಲ್ಲದವರನ್ನೂ ಇಳಿಸುವುದಿಲ್ಲ ಎಂದ ಮೇಲೆ ನಾಲ್ಕೈದು ಮನೆಯವರು ಸಿಟ್ಟಾಗಿ ಶುಲ್ಕ ವಾಪಸ್ ಪಡೆದರು. ಪಡೆಯಲಿ ಬಿಡಿ.

ಈ ಸಲ ಮೊದಲ ಭರ್ತಿಗೆ 78 ಟ್ಯಾಂಕರ್, ಆಮೇಲೆ ಆವಿಗೂ ವ್ಯಾಕ್ಯೂಮಿಗೂ ಹೋದದ್ದನ್ನು ತುಂಬಲು ವಾರಕ್ಕೆ ನಾಲ್ಕರಂತೆ ಬೇಕಾಯಿತು. ಮೇ ಕೊನೆಯ ವಾರ ಖಜಾಂಚಿಯವರು ಆಳದ ಕಡೆಗೆ ಹತ್ತು ರೂಪಾಯಿ ನಾಣ್ಯ ಎಸೆದು, ಮೇಲಿನಿಂದಲೇ ಅದರ ಹಳದಿ ಅಂಚನ್ನು ಗುರುತಿಸಿ, ಮಾತಾಡದೆ ಹೋದರು. ನಾಣ್ಯವನ್ನು ನಮ್ಮ ಹುಡುಗ ಮುಳುಗಿ ತೆಗೆದುಕೊಂಡ.