ಸಿಬಿಲ್ ರಿಪೋರ್ಟಲ್ಲಿ ತಪ್ಪಿದ್ರೆ ಶೀಟ್ ಹಾಕಿ ಹಿಡಿಯೋದು ಹೆಂಗೆ

ಕೊನೆಕೊಯ್ಲು ಮುಗಿಸಿ ನಮ್ಮ ಭಾವ ಶಿವಮೊಗ್ಗಕ್ಕೆ ಬೈಕ್ ತರ್ತೀನಿ ಅಂತ ಹೋದೋರು ಸಂಜೆ ಬಸ್ಸಲ್ಲೇ ವಾಪಸ್ ಬಂದ್ರು. ಶೋರೂಮಲ್ಲಿ ಲೋನ್ ಮಾಡ್ಕೊಡೋ ಹುಡುಗ ಫೋನ್ ನೋಡಿ "ಸರ್, ನಿಮ್ ಸಿಬಿಲ್ ಸರಿ ಇಲ್ಲ" ಅಂದನಂತೆ. ಸಿಬಿಲ್ ಅಂದ್ರೆ ನಾವು ಸಾಲ ಹೆಂಗೆ ಕಟ್ಟಿದೀವಿ ಅಂತ ಲೆಕ್ಕ ಇಟ್ಟು ಸ್ಕೋರ್ ಕೊಡೋ ಕಂಪನಿ. ಒಂದು ಕಂತೂ ತಪ್ಪಿಸಿದ ಮನುಷ್ಯ ಅಲ್ಲ ಅವರು. "ಎಂತ ಮಾರಾಯಾ ಇದು, ನಾನ್ಯಾರಿಗೆ ಬಾಕಿ ಇಟ್ಟಿದೀನಿ?" ಅಂತ ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಮಾರನೇ ದಿನ ಇಬ್ರೂ ಲ್ಯಾಪ್‌ಟಾಪ್ ಇಟ್ಕೊಂಡು ಕೂತ್ವಿ, ಆಗ ಮಾಡಿದ್ದನ್ನೇ ಇಲ್ಲಿ ಬರೀತಿದೀನಿ.

ಮೊದ್ಲು ರಿಪೋರ್ಟ್ ತೆಗೀರಿ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಸೇರಿ ಒಟ್ಟು ನಾಲ್ಕು ಕಂಪನಿ ಇದಾವೆ, ನಾಲ್ಕೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು ಅಂತ ಆರ್‌ಬಿಐ ರೂಲ್ ಇದೆ. ಅವರವರ ವೆಬ್‌ಸೈಟಿಂದಾನೇ ತೆಗೀರಿ, "ಸ್ಕೋರ್ ಏರಿಸಿ ಕೊಡ್ತೀವಿ" ಅಂತ ದುಡ್ಡು ಕೇಳೋ ಆಪ್‌ಗಳ ಹತ್ರ ಹೋಗ್ಬೇಡಿ, ಅವರು ಮಾಡೋದೂ ಇಷ್ಟೇ ಕೆಲಸ. ನಿಮ್ಮ ರಿಪೋರ್ಟ್ ನೀವೇ ನೋಡಿದ್ರೆ ಸ್ಕೋರ್ ಇಳಿಯಲ್ಲ, ಆ ಹೆದರಿಕೆ ಬೇಡ. ನಮ್ಮ ಕಡೆ ದೊಡ್ಡ ತಲೆನೋವು ಓಟಿಪಿ, ಮೆಸೇಜ್ ಬರೋ ಹೊತ್ತಿಗೆ ಟೈಮ್ ಮುಗಿದಿರುತ್ತೆ. ನಾವು ಲ್ಯಾಪ್‌ಟಾಪ್ ಹೊತ್ಕೊಂಡು ತೋಟದ ಮೇಲಿನ ದರೆ ಹತ್ತಿ ಕೂತ್ವಿ, ಅಲ್ಲಿ ಎರಡು ಕಡ್ಡಿ ಸಿಗ್ನಲ್ ಬರುತ್ತೆ.

ಪಿಡಿಎಫ್ ಕಣ್ಣಲ್ಲಿ ಓದಿ ತಪ್ಪು ಹುಡುಕ್ತೀನಿ ಅಂದ್ರೆ ಆಗಲ್ಲ, ಎರಡನೇ ಪುಟಕ್ಕೇ ನಿದ್ದೆ ಬರುತ್ತೆ. ಗೂಗಲ್ ಶೀಟ್ಸೋ ಲಿಬ್ರೆ ಆಫೀಸೋ ತೆಗೆದು ಸಾಲಕ್ಕೊಂದು ಸಾಲು ಹಾಕಿ. ಸಾಲ ಕೊಟ್ಟೋರ ಹೆಸರು, ಅಕೌಂಟ್ ನಂಬರ್, ಶುರುವಾದ ತಾರೀಕು, ಮಂಜೂರಾದ ಮೊತ್ತ, ಬಾಕಿ, ಸ್ಟೇಟಸ್, ಮುಗಿದ ತಾರೀಕು. ಇದೇ ಕಾಲಂಗಳನ್ನ ನಾಲ್ಕು ರಿಪೋರ್ಟಿಗೂ ಪಕ್ಕಪಕ್ಕ ತುಂಬಿಸಿ. ಟೈಪ್ ಮಾಡೋಕೆ ಬೇಜಾರಾದ್ರೆ ಟ್ಯಾಬುಲಾ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಪಿಡಿಎಫ್ ಒಳಗಿನ ಟೇಬಲ್‌ನ ಎತ್ತಿ ಶೀಟಿಗೆ ಕೊಡುತ್ತೆ, ನಿಮ್ಮ ಕಂಪ್ಯೂಟರಲ್ಲೇ ಓಡುತ್ತೆ, ಹಂಗಾಗಿ ಪ್ಯಾನ್ ನಂಬರ್ ಇರೋ ಕಾಗದ ಯಾವ್ದೋ ವೆಬ್‌ಸೈಟಿಗೆ ಏರಿಸೋ ಪ್ರಮೇಯ ಇಲ್ಲ.

ಇಲ್ಲಿ ನಾನು ಅರ್ಧ ದಿನ ಕಳ್ಕೊಂಡೆ. ಶೀಟು ಹದಿನೈದು ಅಂಕಿಗಿಂತ ಉದ್ದದ ನಂಬರ್ ಹಾಕಿದ್ರೆ ಕೊನೇ ಅಂಕಿಗಳನ್ನ ಸೊನ್ನೆ ಮಾಡಿಬಿಡುತ್ತೆ, ಮೊದಲಿಗಿರೋ ಸೊನ್ನೆ ನುಂಗುತ್ತೆ. ಒಂದೇ ಸಾಲ ಎರಡು ಬೇರೆ ಸಾಲದ ಥರ ಕಂಡು ಭಾವನ ಮುಖ ಕಪ್ಪಿಟ್ಟಿತ್ತು. ತುಂಬಿಸೋ ಮೊದ್ಲೇ ಅಕೌಂಟ್ ನಂಬರ್ ಕಾಲಮ್ಮನ್ನ ಪ್ಲೇನ್ ಟೆಕ್ಸ್ಟ್ ಮಾಡ್ಕೊಳ್ಳಿ, ಸೆಟ್ಟಿಂಗ್ಸಲ್ಲಿ ಲೊಕೇಲ್ (ಯಾವ ದೇಶದ ರೂಢಿ ಅಂತ) ಇಂಡಿಯಾ ಇಡಿ, ಇಲ್ಲಾಂದ್ರೆ 5ನೇ ಮಾರ್ಚ್ ಹೋಗಿ 3ನೇ ಮೇ ಆಗಿರುತ್ತೆ. ಆಮೇಲೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿ, ಒಂದು ರಿಪೋರ್ಟಿಗೂ ಇನ್ನೊಂದಕ್ಕೂ ತಾಳೆ ಆಗದ ಮನೆ (ಸೆಲ್) ಕೆಂಪಾಗ್ಲಿ.

ಕೆಂಪಾಗಿದ್ದೆಲ್ಲ ತಪ್ಪಲ್ಲ ಮತ್ತೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ ಸೇರ್ತು, ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ, ಸಿಂಡಿಕೇಟ್ 2020ರಲ್ಲಿ ಕೆನರಾಗೆ, ಕಾರ್ಪೊರೇಶನ್ ಯೂನಿಯನ್‌ಗೆ. ಹಳೇ ಬೆಳೆಸಾಲ ಹೊಸ ಹೆಸರಲ್ಲಿ ಕಂಡ್ರೆ ಗಾಬರಿ ಬೇಡ, ಆದ್ರೆ ಒಂದೇ ಸಾಲ ಎರಡೂ ಹೆಸರಲ್ಲಿ ಜೀವಂತ ಇದ್ರೆ ಅದು ತಪ್ಪು. ಇನಿಷಿಯಲ್ ಗೊಂದಲಾನೂ ನೋಡಿ, ಪ್ಯಾನಲ್ಲಿ ಅಪ್ಪಯ್ಯನ ಹೆಸರು ಪೂರ್ತಿ ಇರುತ್ತೆ ಬ್ಯಾಂಕಲ್ಲಿ ಬರೀ ಒಂದಕ್ಷರ ಇರುತ್ತೆ, ಹಂಗಾಗಿ ಬೇರೆ ಯಾರ್ದೋ ಸಾಲ ಬಂದು ನಿಮ್ಮ ಲೆಕ್ಕಕ್ಕೆ ಕೂತಿರಬಹುದು. ಬೇರೆಯವರಿಗೆ ಜಾಮೀನು ಹಾಕಿದ್ದೂ ಇಲ್ಲೇ ಕಾಣುತ್ತೆ, ಅದು ತಪ್ಪಲ್ಲ, ಮರ್ತಿದ್ರೆ ಈಗ ನೆನಪಾಗುತ್ತೆ ಅಷ್ಟೆ.

ಭಾವನದ್ದು ಸಿಕ್ಕಿದ್ದು ತಿಂಗಳು ತಿಂಗಳ ಲೆಕ್ಕದಲ್ಲಿ. ಸಿಬಿಲಲ್ಲಿ 36 ತಿಂಗಳಿನ ಸಣ್ಣ ಸಣ್ಣ ಮನೆಗಳಿರುತ್ತೆ, ಅದರಲ್ಲಿರೋ ಅಂಕಿ ಅಂದ್ರೆ ಎಷ್ಟು ದಿನ ತಡ ಅಂತ. 000 ಇದ್ರೆ ಸರಿಯಾಗಿ ಕಟ್ಟಿದೀರಿ, ಎಕ್ಸ್ ಎಕ್ಸ್ ಎಕ್ಸ್ ಇದ್ರೆ ಆ ತಿಂಗಳು ಸಾಲ ಕೊಟ್ಟೋರು ಮಾಹಿತಿನೇ ಕಳ್ಸಿಲ್ಲ. ಪವರ್ ಟಿಲ್ಲರ್ ಸಾಲದ ಸಾಲಲ್ಲಿ 000, 000, ಆಮೇಲೆ 030, 061, 091 ಅಂತ ಏರ್ತಾ ಹೋಗಿತ್ತು, ಬಾಕಿ ಬರೀ 590 ರೂಪಾಯಿ. ಆ ಸಾಲ ಯಾವತ್ತೋ ತೀರಿಸಿ, ಬಾಕಿ ಏನೂ ಇಲ್ಲ ಅನ್ನೋ ಪತ್ರ ಅಂದ್ರೆ ಎನ್‌ಒಸಿ ತಂದು ಅಕ್ಕ ಟ್ರಂಕಲ್ಲಿ ಪಹಣಿ ಜೊತೆ ಮಡಚಿಟ್ಟಿದ್ಲು. ಇನ್ನೆರಡು ರಿಪೋರ್ಟಲ್ಲಿ ಅದೇ ಸಾಲ ಕ್ಲೋಸ್ಡ್ ಅಂತಿದೆ. ಯಾವ ಫೈನಾನ್ಸ್ ಅಂತ ಹೆಸರು ಹೇಳಲ್ಲ ಬಿಡಿ, ಯಾವ್ದೋ ಚಾರ್ಜ್ ಹಾಕಿ ಹೇಳ್ದೇ ಬಿಟ್ಟಿದ್ರು.

ಡಿಸ್‌ಪ್ಯೂಟ್ (ತಪ್ಪಿದೆ ಅನ್ನೋ ತಕರಾರು) ಹಾಕೋದಕ್ಕೂ ದುಡ್ಡು ಕೊಡ್ಬೇಕಿಲ್ಲ, ಲಾಗಿನ್ ಆಗಿ ಯಾವ ಅಕೌಂಟಿನ ಯಾವ ಮನೆ ತಪ್ಪು ಅಂತ ಆರಿಸ್ಬೇಕು. ಭಾವ ಮೊದಲ ಸಲ ಇಡೀ ಕಥೆ ಬರೆದ್ರು, ಮಳೆಗಾಲದಲ್ಲಿ ಟಿಲ್ಲರ್ ಗೇರ್ ಬಾಕ್ಸ್ ಹೋಗಿದ್ದೂ ಸೇರಿ. "ಸಾಲ ಕೊಟ್ಟವರು ಮಾಹಿತಿ ಸರಿ ಎಂದಿದ್ದಾರೆ" ಅಂತ ಉತ್ತರ ಬಂತು. ಯಾಕಂದ್ರೆ ಬ್ಯೂರೋ, ಅಂದ್ರೆ ಸಿಬಿಲ್ ಥರದ ಕಂಪನಿ, ತಾನಾಗಿ ಒಂದಕ್ಷರ ತಿದ್ದಲ್ಲ, ಸಾಲ ಕೊಟ್ಟೋರನ್ನೇ ಕೇಳುತ್ತೆ. ಹಂಗಾಗಿ ಎರಡನೇ ಸಲ ಸ್ಟೇಟಸ್, ಬಾಕಿ, ಮುಗಿದ ತಾರೀಕು ಮೂರನ್ನೇ ಆರಿಸಿ, ಡಿಸ್‌ಪ್ಯೂಟ್ ನಂಬರ್, ಎನ್‌ಒಸಿ ಫೋಟೋ, ಕೊನೇ ಕಂತಿನ ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ಆ ಫೈನಾನ್ಸಲ್ಲಿ ದೂರು ನೋಡ್ಕೊಳ್ಳೋ ನೋಡಲ್ ಅಧಿಕಾರಿಗೆ ಅವತ್ತೇ ಮೇಲ್ ಹಾಕಿದ್ವಿ. ಹಾಕಿದ ತಾರೀಕು ಶೀಟಲ್ಲಿ ಬರ್ಕೊಂಡು ಪಕ್ಕದ ಸೆಲ್ಲಲ್ಲಿ ಅದಕ್ಕೆ 30 ಕೂಡ್ಸಿ ಇಟ್ಕೊಳ್ಳಿ, 30 ದಿನದೊಳಗೆ ಇತ್ಯರ್ಥ ಆಗ್ದಿದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು ಅಂತ 2024ರ ಏಪ್ರಿಲಿಂದ ನಿಯಮ ಬಂದಿದೆ. ಆಗ್ಲೂ ಸುಮ್ನಿದ್ರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ತೀರ್ಮಾನ ಮಾಡೋ ಅಧಿಕಾರಿ) ಅವರ ಸಿಎಂಎಸ್ ಅನ್ನೋ ದೂರಿನ ವೆಬ್‌ಸೈಟಲ್ಲಿ ಕಂಪ್ಲೇಂಟ್ ಕೊಡಿ, ವಕೀಲರೂ ಬೇಡ ಫೀಸೂ ಇಲ್ಲ.

ಇಪ್ಪತ್ತಾರನೇ ದಿನಕ್ಕೆ ಸಿಬಿಲಲ್ಲಿ ಕ್ಲೋಸ್ಡ್ ಅಂತ ಬಂತು, 030 061 ಎಲ್ಲ ಅಳಿಸಿದಾರೆ. ನಾಲ್ಕನೇ ರಿಪೋರ್ಟಲ್ಲಿ ಆ 590 ಇನ್ನೂ ಹಂಗೇ ಕೆಂಪಗಿದೆ, ನಾಳೆ ಮತ್ತೆ ದರೆ ಹತ್ಬೇಕು.