ಬಾತ್‌ಟಬ್‌ನಲ್ಲಿ ಕಂಡ ಜೇಡ ಯಾವುದು? ಬ್ರಿಟನ್ ಮನೆಗಳ ಜೇಡ ಗುರುತಿಸುವ ಬಗೆ

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನಿಗೆ ಜೇಡದ ಫೋಟೊಗಳು ಬರಲು ಶುರುವಾಗುತ್ತವೆ. ರೆಡಿಂಗ್‌ನಿಂದ, ಲೆಸ್ಟರ್‌ನಿಂದ, ಮಿಲ್ಟನ್ ಕೀನ್ಸ್‌ನಿಂದ. ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ದೃಶ್ಯ. ಬಿಳಿ ಬಾತ್‌ಟಬ್, ಅದರೊಳಗೆ ಉದ್ದ ಕಾಲಿನ ಕಂದು ಜೇಡ. ಜೊತೆಗೆ ಒಂದು ಪ್ರಶ್ನೆ: ‘ಇದು ಕಚ್ಚುತ್ತಾ? ಮನೆಯಲ್ಲಿ ಪುಟ್ಟ ಮಗು ಇದೆ.’

ಬ್ರಿಟನ್‌ನಲ್ಲಿ ಸುಮಾರು 650 ಜಾತಿಯ ಜೇಡಗಳಿವೆ. ಆದರೆ ಮನೆಯಲ್ಲಿ, ಹಿತ್ತಲಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವುದು ಹತ್ತು ಹದಿನೈದು ಅಷ್ಟೇ. ಅವನ್ನು ಗುರುತಿಸಲು ನಾನು ಮೊದಲು ಬಲೆ ನೋಡುತ್ತೇನೆ, ಆಮೇಲೆ ಜೇಡ. ಜೇಡ ಓಡಿಹೋಗುತ್ತದೆ. ಬಲೆ ಅಲ್ಲೇ ಇರುತ್ತದೆ.

ಮೊದಲ ಹೆಜ್ಜೆ: ಅದು ಜೇಡವೇ ಅಲ್ವಾ?

ಎಂಟು ಕಾಲು ಇದ್ದರೆ ಸಾಲದು. ಜೇಡದ ಮೈ ಎರಡು ಭಾಗ, ನಡುವೆ ತೆಳು ಸೊಂಟ. ಬೇಸಿಗೆಯ ಕೊನೆಗೆ ಗೋಡೆ ಮೇಲೆ ಕೂದಲೆಳೆಯಂಥ ಕಾಲಿನ ಇನ್ನೊಂದು ಜೀವಿ ಕಾಣುತ್ತದೆ. ಅದರ ಮೈ ಒಂದೇ ಮಣಿಯಂತಿರುತ್ತದೆ. ಅದು ಹಾರ್ವೆಸ್ಟ್‌ಮನ್. ಅದಕ್ಕೆ ನೂಲು ತೆಗೆಯಲು ಬರುವುದಿಲ್ಲ, ವಿಷವೂ ಇಲ್ಲ.

ಎರಡನೇ ಹೆಜ್ಜೆ: ಬಲೆಯ ಆಕಾರ ನೋಡಿ

ಗಾಡಿಯ ಚಕ್ರದಂತೆ ದುಂಡಗಿನ ಬಲೆ ಹಿತ್ತಲಲ್ಲಿ ಕಂಡರೆ, ಬಹುಪಾಲು ಅದು ಗಾರ್ಡನ್ ಸ್ಪೈಡರ್‌ನದು. ನಡುವೆ ತಲೆ ಕೆಳಗೆ ಮಾಡಿ ಕೂತಿರುತ್ತದೆ. ಬೆನ್ನ ಮೇಲೆ ಬಿಳಿ ಚುಕ್ಕೆಗಳು ಸೇರಿ ಶಿಲುಬೆಯ ಗುರುತು ಆಗಿರುತ್ತದೆ, ಅದನ್ನು ನೋಡಿದರೆ ಸಂಶಯವೇ ಉಳಿಯುವುದಿಲ್ಲ. ಈ ಜೇಡದ ಕೆಲಸ ನೋಡುವುದೆಂದರೆ ನನಗೆ ಬಹಳ ಇಷ್ಟ. ಹಳೆಯ ಬಲೆಯನ್ನು ತಾನೇ ತಿಂದು, ಅದೇ ಸಾರದಿಂದ ಮತ್ತೆ ಹೊಸದು ನೇಯುತ್ತದೆ. ಶರತ್ಕಾಲದಲ್ಲಿ ಹೆಣ್ಣು ಹಳದಿ ರೇಷ್ಮೆ ಗೂಡಿನಲ್ಲಿ ಮೊಟ್ಟೆ ಇಟ್ಟು ಸಾಯುತ್ತದೆ. ವಸಂತದಲ್ಲಿ ಮರಿಗಳು ಸಾಸಿವೆಯಂತೆ ಹಳದಿ ಹಳದಿಯಾಗಿ ಗುಂಪುಗೂಡುತ್ತವೆ. ಮೆಲ್ಲಗೆ ಉಸಿರು ಊದಿದರೆ ಗುಂಪು ಚೆದರಿ, ಸ್ವಲ್ಪ ಹೊತ್ತಿಗೆ ಮತ್ತೆ ಒಂದಾಗುತ್ತದೆ. ಮಕ್ಕಳಿಗೆ ತೋರಿಸಿ, ಮರೆಯುವುದಿಲ್ಲ.

ಕಿಟಕಿ ಚೌಕಟ್ಟಿನಲ್ಲಿ ಅದೇ ಥರದ ಚಕ್ರ ಇದೆ, ಆದರೆ ಮೇಲಿನ ಮೂಲೆಯಲ್ಲಿ ಒಂದು ತುಂಡು ಕತ್ತರಿಸಿ ತೆಗೆದಂತಿದೆ. ಅದು ಝೈಗಿಯೆಲ್ಲಾ. ಖಾಲಿ ಬಿಟ್ಟ ಜಾಗದ ನಡುವೆ ಒಂದೇ ಎಳೆ ಹೋಗುತ್ತದೆ. ಜೇಡ ಚೌಕಟ್ಟಿನ ಸಂದಿಯಲ್ಲಿ ಅಡಗಿ, ಆ ಎಳೆಯ ಮೇಲೆ ಕಾಲಿಟ್ಟು ಕಾಯುತ್ತದೆ. ಬಲೆ ಅಲುಗಿದರೆ ಅಲ್ಲಿಂದಲೇ ಗೊತ್ತಾಗುತ್ತದೆ.

ಚಾವಣಿ ಮೂಲೆಯಲ್ಲಿ ಸಡಿಲವಾದ ಎಳೆಗಳು, ಅದರಲ್ಲಿ ಉದ್ದ ಕಾಲಿನ ಬಡಕಲು ಜೇಡ ಇದ್ದರೆ ಅದು ಸೆಲ್ಲರ್ ಸ್ಪೈಡರ್. ಬೆರಳು ತಾಗಿಸಿ ನೋಡಿ, ಮೈಯನ್ನು ಗಿರಗಿರ ತಿರುಗಿಸಿ ಮಸುಕಾಗಿಬಿಡುತ್ತದೆ. ನಮ್ಮ ಊರಿನ ಮನೆಗಳಲ್ಲೂ ಇದರ ಕುಟುಂಬದವು ಇವೆ. ಹಬ್ಬದ ಮುಂಚೆ ಪೊರಕೆ ಹಿಡಿದು ಮೂಲೆ ಮೂಲೆ ಬಲೆ ತೆಗೆದವರಿಗೆ ಇದು ಹೊಸಬನೇನಲ್ಲ. ಇಲ್ಲಿ ಮಾತ್ರ ಅದನ್ನು ತೆಗೆಯಬೇಡಿ ಎನ್ನುತ್ತೇನೆ. ತನಗಿಂತ ದೊಡ್ಡ ಜೇಡಗಳನ್ನೂ ಇದು ಹಿಡಿದು ತಿನ್ನುತ್ತದೆ.

ಇಟ್ಟಿಗೆ ಸಂದಿಯ ರಂಧ್ರದ ಸುತ್ತ ನೀಲಿ ಛಾಯೆಯ, ಉಣ್ಣೆಯಂಥ ಬಲೆ ಇದ್ದರೆ ಅದು ಲೇಸ್ ವೀವರ್. ಗ್ಯಾರೇಜಿನ ಮೂಲೆಯಲ್ಲಿ ಬಟ್ಟೆ ಹಾಸಿದಂಥ ಬಲೆ, ಒಂದು ತುದಿಯಲ್ಲಿ ಕೊಳವೆ ಇದ್ದರೆ ಅದು ಮನೆ ಜೇಡದ್ದು. ಬಾತ್‌ಟಬ್‌ನ ಅತಿಥಿ ಇದೇ ಜಾತಿ.

ಮೂರನೇ ಹೆಜ್ಜೆ: ಬಲೆ ಇಲ್ಲದೆ ಓಡಾಡುವವು

ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಗಂಡು ಮನೆ ಜೇಡಗಳು ಬಲೆ ಬಿಟ್ಟು ಹೆಣ್ಣು ಹುಡುಕಿ ಹೊರಡುತ್ತವೆ. ಮುಖದ ಮುಂದೆ ಬಾಕ್ಸಿಂಗ್ ಗ್ಲೌಸ್‌ನಂತೆ ಊದಿದ ಎರಡು ಪುಟ್ಟ ಕೈಗಳಿದ್ದರೆ ಅದು ಗಂಡು. ರಾತ್ರಿ ಸುತ್ತುವಾಗ ಟಬ್‌ಗೆ ಬೀಳುತ್ತದೆ. ನುಣುಪಾದ ಗೋಡೆ ಹತ್ತಲು ಅದರ ಪಾದಕ್ಕೆ ಹಿಡಿತ ಸಿಗುವುದಿಲ್ಲ. ಡ್ರೈನ್ ಪೈಪಿನಿಂದ ಮೇಲೆ ಬರುತ್ತದೆ ಎಂದು ಎಷ್ಟೋ ಜನ ನಂಬಿದ್ದಾರೆ. ಪೈಪಿನ ಬಾಗಿನಲ್ಲಿ ಸದಾ ನೀರು ನಿಂತಿರುತ್ತದೆ, ಅಲ್ಲಿಂದ ಬರಲಾಗದು. ಸುಮ್ನೆ ಟಬ್‌ನ ಅಂಚಿಗೆ ಒಂದು ಟವೆಲ್ ಇಳಿಬಿಡಿ. ಬೆಳಗಾಗುವುದರೊಳಗೆ ತಾನೇ ಹತ್ತಿ ಹೋಗಿರುತ್ತದೆ.

ಬಿಸಿಲು ಬೀಳುವ ಗೋಡೆ ಮೇಲೆ ಕಪ್ಪು ಬಿಳಿ ಪಟ್ಟೆಯ ಚಿಕ್ಕ ಜೇಡ ಜಿಗಿಯುತ್ತಿದ್ದರೆ ಅದು ಝೀಬ್ರಾ ಸ್ಪೈಡರ್. ಉದ್ದ ಒಂದು ಸೆಂಟಿಮೀಟರೂ ಇಲ್ಲ. ಹತ್ತಿರ ಹೋದರೆ ತಿರುಗಿ ನಿಮ್ಮನ್ನೇ ನೋಡುತ್ತದೆ. ನೆಲದ ಮೇಲೆ ಓಡುವ ಕಂದು ಜೇಡದ ಹಿಂದೆ ಗುಂಡನೆಯ ಚೀಲ ಅಂಟಿದ್ದರೆ ಅದು ತೋಳ ಜೇಡದ ತಾಯಿ. ಮೊಟ್ಟೆ ಒಡೆದ ಮೇಲೆ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ.

ಹುಲ್ಲು ಎತ್ತರಕ್ಕೆ ಬೆಳೆದ ಜಾಗದಲ್ಲಿ ಹಳದಿ ಕಪ್ಪು ಪಟ್ಟೆಯ ವಾಸ್ಪ್ ಸ್ಪೈಡರ್ ಸಿಕ್ಕರೆ ಅದೃಷ್ಟ. ಬ್ರಿಟನ್‌ನಲ್ಲಿ ಇದು ಮೊದಲು ದಾಖಲಾದದ್ದು 1922ರಲ್ಲಿ, ದಕ್ಷಿಣ ತೀರದ ರೈ ಊರಿನ ಬಳಿ. ಬಲೆಯ ನಡುವೆ ಬಿಳಿ ಅಂಕುಡೊಂಕು ಗೆರೆ ನೇಯುತ್ತದೆ. ಕರ್ನಾಟಕದ ತೋಟಗಳಲ್ಲಿ ಗುಣಾಕಾರದ ಚಿಹ್ನೆಯಂತೆ ಗೆರೆ ಎಳೆದು ಕೂರುವ ಜೇಡ ಇದರ ಹತ್ತಿರದ ನೆಂಟ.

ನಾಲ್ಕನೇ ಹೆಜ್ಜೆ: ಫಾಲ್ಸ್ ವಿಡೋ ಇರಬಹುದಾ?

ಜಾಸ್ತಿ ಜನ ಹೆದರುವುದು ಇದಕ್ಕೇ. ಇದು ಮದೈರಾ ಮತ್ತು ಕ್ಯಾನರಿ ದ್ವೀಪಗಳ ಕಡೆಯದು. ಬ್ರಿಟನ್‌ನಲ್ಲಿ 1879ರಲ್ಲಿ ಟಾರ್ಕ್ವೇ ಊರಿನಲ್ಲಿ ಮೊದಲು ಸಿಕ್ಕಿತು. ಹೊಟ್ಟೆ ಉಂಡೆಯಂತೆ ಹೊಳೆಯುತ್ತದೆ, ಕಾಲುಗಳು ಕೆಂಗಂದು. ಬೆನ್ನ ಮೇಲೆ ತಲೆಬುರುಡೆಯಂತೆ ಕಾಣುವ ಮಚ್ಚೆ, ಹೊಟ್ಟೆಯ ಮುಂಭಾಗಕ್ಕೆ ಕೆನೆ ಬಣ್ಣದ ಪಟ್ಟಿ. ಬಲೆ ಸಿಕ್ಕುಸಿಕ್ಕು, ಎಳೆಗಳು ಗಟ್ಟಿ. ದೊಡ್ಡ ಮನೆ ಜೇಡ ನೆಲದಲ್ಲಿ ಸರಸರ ಓಡುತ್ತದೆ. ಇದು ಹಾಗೆ ಓಡುವುದಿಲ್ಲ, ಬಲೆಯಲ್ಲೇ ನೇತಾಡುತ್ತದೆ.

ಬಟ್ಟೆಯೊಳಗೆ ಸಿಕ್ಕಿ ಒತ್ತಿದಂತಾದರೆ ಕಚ್ಚಬಹುದು. ನೋವು ಕಣಜ ಕುಟುಕಿದಷ್ಟು. ಸೋಪು ನೀರಿನಲ್ಲಿ ತೊಳೆದು ತಣ್ಣನೆಯ ಬಟ್ಟೆ ಒತ್ತಿ ಹಿಡಿಯಿರಿ. ಊತ ಹರಡುತ್ತಾ ಹೋದರೆ, ಕೀವು ಕಂಡರೆ ವೈದ್ಯಕೀಯ ಸಲಹೆ ಕೊಡುವ 111 ಸಂಖ್ಯೆಗೆ ಕರೆ ಮಾಡಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ತುರ್ತು ಸಂಖ್ಯೆ 999. ಮಗು ಇರುವ ಮನೆಯವರಿಗೆ ನಾನು ಹೇಳುವುದಿಷ್ಟು: ಗ್ಯಾರೇಜಿನಲ್ಲಿ ತಿಂಗಳುಗಟ್ಟಲೆ ಇಟ್ಟ ಬೂಟು, ಕೋಟು ಹಾಕುವ ಮುಂಚೆ ಕೊಡವಿ.

ಐದನೇ ಹೆಜ್ಜೆ: ಹೊರಗೆ ಬಿಡುವುದು, ದಾಖಲಿಸುವುದು

ಅಗಲ ಬಾಯಿಯ ಗಾಜಿನ ಲೋಟ ಮುಚ್ಚಿ, ಅಡಿಗೆ ಗಟ್ಟಿ ಕಾಗದ ಸರಿಸಿ. ಕಾಲುಗಳು ಅಂಚಿಗೆ ಸಿಗದಂತೆ ನಿಧಾನವಾಗಿ ಮಾಡಿ. ಮನೆ ಜೇಡವನ್ನು ತೆರೆದ ಹುಲ್ಲಿಗೆ ಬಿಡುವ ಬದಲು ಶೆಡ್‌ನಲ್ಲೋ ಗ್ಯಾರೇಜಿನಲ್ಲೋ ಬಿಟ್ಟರೆ ಒಳ್ಳೆಯದು, ಅದಕ್ಕೆ ಒಣ ಮೂಲೆ ಬೇಕು. ಕಿಟಕಿಯಲ್ಲಿ ಕಾಂಕರ್ ಕಾಯಿ (ಹಾರ್ಸ್ ಚೆಸ್ಟ್‌ನಟ್ ಮರದ ಬೀಜ) ಇಟ್ಟರೆ ಜೇಡ ಬರುವುದಿಲ್ಲ ಎಂದು ಇಲ್ಲಿಯವರು ಹೇಳುತ್ತಾರೆ. ಕಾರ್ನ್‌ವಾಲ್‌ನ ಶಾಲಾ ಮಕ್ಕಳು ಇದನ್ನು ಪರೀಕ್ಷಿಸಿದಾಗ ಜೇಡಗಳು ಕಾಯಿಗೆ ಹೆದರಲಿಲ್ಲ.

ಬಿಡುವ ಮುಂಚೆ ಲೋಟದ ಪಕ್ಕ 5 ಪೆನ್ಸ್ ನಾಣ್ಯ ಇಟ್ಟು ಮೇಲಿನಿಂದ ಒಂದು ಫೋಟೊ ತೆಗೆಯಿರಿ. ನಾಣ್ಯದ ಅಗಲ 18 ಮಿಲಿಮೀಟರ್, ಜೇಡದ ಅಳತೆ ಅಲ್ಲೇ ಸಿಗುತ್ತದೆ. ಸಾಧ್ಯವಾದರೆ ಬಲೆಯದೂ ಒಂದು ಫೋಟೊ ಇರಲಿ. ದಿನಾಂಕ ಮತ್ತು ಊರಿನ ಹೆಸರು ಸೇರಿಸಿ ಜೀವಿಗಳನ್ನು ದಾಖಲಿಸುವ ಐರೆಕಾರ್ಡ್ ಆ್ಯಪ್‌ನಲ್ಲಿ ಹಾಕಿದರೆ ತಿಳಿದವರು ನೋಡುತ್ತಾರೆ. ನಿಮ್ಮ ಬಾತ್‌ರೂಮಿನ ಜೇಡವೂ ಈ ದೇಶದ ಜೇಡಗಳ ಲೆಕ್ಕದಲ್ಲಿ ಸೇರುತ್ತದೆ.