ಕಾವಲು ಗೋಪುರದ ಪಾಯ ಹುಡುಕೋದು ಹೇಗೆ?

ಕವಲೇದುರ್ಗ ಹತ್ತಿದವರಿಗೆ ಬುರುಜು ಅಂದರೆ ಗೊತ್ತು. ಆದರೆ ಇಂಗ್ಲೆಂಡಿನ ಕಂಬ್ರಿಯಾ ಕರಾವಳಿಗೆ ಹೋಗಿ ರೋಮನ್ ಕಾವಲು ಗೋಪುರ ಹುಡುಕಿದರೆ ಹೆಚ್ಚಿನ ಕಡೆ ಕಾಣೋದು ಬರೀ ಹುಲ್ಲು. ಹಾಗಾಗಿ ಮೊದಲು ಮ್ಯಾಪ್ ಹಿಡಿದು ಲೆಕ್ಕ ಹಾಕಿ.

ಕ್ರಿ.ಶ. 122ರಲ್ಲಿ ರೋಮನ್ನರು ಗಡಿ ಕಾಯೋಕೆ ಶುರು ಮಾಡಿದ ಹೇಡ್ರಿಯನ್ ಗೋಡೆ ಪಶ್ಚಿಮ ಕರಾವಳಿಯ ಬೌನೆಸ್ ಊರಲ್ಲಿ ಮುಗಿದರೂ ಕಾವಲು ಸಾಲು ಕಡಲ ದಂಡೆಗುಂಟ ಮುಂದೆ ಹೋಗುತ್ತದೆ. ಒಂದು ರೋಮನ್ ಮೈಲಿಗೆ, ಅಂದರೆ ಸುಮಾರು 1.48 ಕಿ.ಮೀ.ಗೆ, ಒಂದು ಪುಟ್ಟ ಕೋಟೆ, ನಡುವೆ ಎರಡು ಗೋಪುರ. ಮೇರಿಪೋರ್ಟ್ ಹತ್ತಿರ ಸ್ವಾರ್ಥಿ ಹಿಲ್ ಮೇಲಿನ 21ನೇ ಕೋಟೆಯನ್ನು ಅಗೆದು ನೋಡಿದ್ದಾರೆ, ಅಲ್ಲಿಂದ ಅಳೆಯೋಕೆ ಶುರು ಮಾಡಿ. ದಂಡೆಗುಂಟ ಸುಮಾರು 500 ಮೀಟರ್ ದೂರದಲ್ಲಿ, ಅದರಲ್ಲೂ ಕಡಲು ಚೆನ್ನಾಗಿ ಕಾಣುವ ದಿಬ್ಬ ಇದ್ದರೆ, ಕಣ್ಣಿಡಿ.

ಮಳೆ ಕೈಕೊಟ್ಟ ಬೇಸಿಗೆಯಲ್ಲಿ ಮೇಲಿಂದ ತೆಗೆದ ಫೋಟೊ ಸಿಕ್ಕರೆ ಅರ್ಧ ಕೆಲಸ ಆಯಿತು. ಕಲ್ಲಿನ ಪಾಯದ ಮೇಲೆ ಮಣ್ಣು ತೆಳು, ಅಲ್ಲಿನ ಹುಲ್ಲು ಬೇಗ ಒಣಗಿ ಹಳದಿ ಗೆರೆ ಮೂಡುತ್ತದೆ. ಕಂದಕ ಮುಚ್ಚಿದ ಕಡೆ ತೇವ ನಿಂತು ಹಸಿರು ಜಾಸ್ತಿ. ಸುಮಾರು 6 ಮೀಟರ್ ಚೌಕ ಕಂಡರೆ ಖುಷಿಪಡಿ, ಹಾರೆ ಮಾತ್ರ ಹಿಡಿಯಬೇಡಿ. ನಮ್ಮ ಕಡೆ ನಿಧಿಗಳ್ಳರು ಅಗೆದಿದ್ದೇ ಸಾಕಲ್ವಾ? ಪಕ್ಕದ ಹೊಲದ ಕಲ್ಲುಗೋಡೆಯನ್ನೂ ನೋಡಿ, ಹಳೇ ಕಲ್ಲು ಅಲ್ಲಿ ಸೇರಿರಬಹುದು.

ಕಣ್ಣು ಪಳಗಿಸೋಕೆ ಕವಲೇದುರ್ಗವೇ ಸಾಕು. ಬುರುಜಿನ ಮೇಲೆ ನಿಂತು ಯಾವ ದಾರಿ, ಯಾವ ಕಣಿವೆ ಕಾಣುತ್ತೆ ಅಂತ ಬರೆದುಕೊಳ್ಳಿ. ಮಳೆಗಾಲದಲ್ಲಿ ಬೇಡ, ಮಂಜಿನಲ್ಲಿ ಏನೂ ಕಾಣಲ್ಲ, ಉಂಬಳದ ಕಾಟ ಬೇರೆ.